ಕ್ರಯವೋ, ಭೋಗ್ಯವೋ?

ನಮ್ಮ ಮನೆಗೆ ದಿನಪತ್ರಿಕೆ ಬಂದ ಕೂಡಲೇ ಪಾಲುಪಟ್ಟಿ ಆಗಿಬಿಡುತ್ತದೆ. ರಾಜಕೀಯ ಮತ್ತು ಕ್ರಿಕೆಟ್ಟು ನಮ್ಮ ಯಜಮಾನರಿಗೆ, ಸಿನಿಮಾ ಅತ್ತೆಯವರಿಗೆ. ನನ್ನ ಪಾಲಿಗೆ ಉಳಿಯುವುದು ಹೊಸ ಫೋನು, ಹೊಸ ಟೀವಿ, ಬಟ್ಟೆ ಒಗೆಯುವ ಹೊಸ ಯಂತ್ರಗಳ ಸುದ್ದಿ ಬರುವ ಪುಟ. ಬೇರೆ ಯಾರಿಗೂ ಬೇಡವಾಗಿ ನನ್ನ ಕಡೆಗೆ ಬಂದದ್ದಾದರೂ ಈಗ ಅದು ನನಗೆ ವಾರಭವಿಷ್ಯಕ್ಕಿಂತ ರುಚಿಯಾಗಿದೆ. ಭವಿಷ್ಯ ಬರೆಯುವವರು ತಿಂಗಳಿಗೊಮ್ಮೆಯಾದರೂ ‘ಧನನಷ್ಟ’ ಎಂದು ಎಚ್ಚರಿಸುತ್ತಾರೆ. ಈ ಪುಟದವರು ಆ ಮಾತನ್ನೇ ಎತ್ತುವುದಿಲ್ಲ.

ಏನೆಲ್ಲ ಬಂದು ಹೋಗುತ್ತವೆ ನೋಡಿ. 2016ರಲ್ಲಿ ಸ್ಯಾಮ್‌ಸಂಗ್ ಕಂಪೆನಿಯವರು ಹೊಟ್ಟೆಯೊಳಗೆ ಕ್ಯಾಮರಾ ಇಟ್ಟ ಫ್ರಿಜ್ಜೊಂದನ್ನು ತೋರಿಸಿದರು. ಅಂಗಡಿಯಲ್ಲಿ ನಿಂತುಕೊಂಡೇ ಮನೆಯ ಫ್ರಿಜ್ಜಿನಲ್ಲಿ ಏನಿದೆ ಎಂದು ಫೋನಿನಲ್ಲಿ ನೋಡಬಹುದಂತೆ. ನಮ್ಮ ಫ್ರಿಜ್ಜಿನಲ್ಲಿ ಏನಿದೆ ಎಂದು ನನಗೆ ಕಣ್ಣು ಮುಚ್ಚಿದರೂ ಗೊತ್ತು: ನಿನ್ನೆಯ ಹುಳಿ, ಮೊನ್ನೆಯ ದೋಸೆಹಿಟ್ಟು, ಒಣಗಿದ ಅರ್ಧ ನಿಂಬೆಹಣ್ಣು. ಗೊತ್ತಿರುವುದನ್ನೇ ಫೋಟೋ ಹಿಡಿದು ತೋರಿಸಿ ಮನಸ್ಸು ನೋಯಿಸುವುದೇಕೆ? 2022ರಲ್ಲಿ ಬಿಎಂಡಬ್ಲ್ಯು ಕಾರಿನವರು ಕೆಲವು ದೇಶಗಳಲ್ಲಿ ಸೀಟು ಬೆಚ್ಚಗಾಗುವುದಕ್ಕೆ ತಿಂಗಳಿಗಿಷ್ಟು ಎಂದು ದರ ಇಟ್ಟರು. ಬಿಸಿ ಮಾಡುವ ಸರಂಜಾಮು ಕಾರಿನೊಳಗೇ ಕೂತಿದೆ, ಆದರೆ ದುಡ್ಡು ಕಟ್ಟದಿದ್ದರೆ ಬಿಸಿಯಾಗುವುದಿಲ್ಲ. ಜನ ರೇಗಿದ ಮೇಲೆ ಮರುವರ್ಷ ಕೈಬಿಟ್ಟರು. ನಮ್ಮ ಮೆಜೆಸ್ಟಿಕ್ಕಿನಲ್ಲಿ ಈ ವ್ಯಾಪಾರ ಕುದುರುತ್ತಿರಲಿಲ್ಲ ಬಿಡಿ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಆಟೋದ ಸೀಟು ಇಲ್ಲಿ ಪುಕ್ಕಟೆ ಬೆಚ್ಚಗಿರುತ್ತದೆ.

ಇವೆಲ್ಲ ಓದಿ ನಕ್ಕು ಮರೆಯುವಂಥವು. ಮರೆಯಲಾಗದೆ ಉಳಿದದ್ದು ಒಂದು ಪಿನ್ನಿನ ಸುದ್ದಿ. ಆ್ಯಪಲ್ ಕಂಪೆನಿಯಲ್ಲಿ ಕೆಲಸ ಮಾಡಿ ಬಿಟ್ಟು ಬಂದ ಗಂಡಹೆಂಡತಿ ಅಮೆರಿಕದಲ್ಲಿ ಹ್ಯೂಮೇನ್ ಎಂಬ ಕಂಪೆನಿ ಕಟ್ಟಿ, 2023ರ ನವೆಂಬರಿನಲ್ಲಿ ಎದೆಗೆ ಸಿಕ್ಕಿಸಿಕೊಳ್ಳುವ ಒಂದು ಪುಟ್ಟ ಯಂತ್ರವನ್ನು ಪ್ರಕಟಿಸಿದರು. ನಮ್ಮಲ್ಲಿ ಸೆರಗಿಗೆ ಪಿನ್ನು ಹಾಕುತ್ತೇವಲ್ಲ, ಸುಮಾರಾಗಿ ಅದೇ ಜಾಗ. ಕೇಳಿದ್ದಕ್ಕೆ ಉತ್ತರ ಹೇಳುತ್ತದೆ, ಅಂಗೈ ಒಡ್ಡಿದರೆ ಅದರ ಮೇಲೆ ಬೆಳಕಿನ ಅಕ್ಷರ ಮೂಡಿಸುತ್ತದೆ, ಇನ್ನು ಫೋನೇ ಬೇಡ ಎಂದೆಲ್ಲ ಹೊಗಳಿಕೆ. ಬೆಲೆ 699 ಡಾಲರು, ಅದರ ಮೇಲೆ ತಿಂಗಳಿಗೆ 24 ಡಾಲರು. 2024ರ ಏಪ್ರಿಲಿನಲ್ಲಿ ಕೊಂಡವರ ಕೈ ಸೇರಿತು. 2025ರ ಫೆಬ್ರವರಿ 18ರಂದು ಕಂಪೆನಿ ತನ್ನ ಸ್ವತ್ತಿನ ಬಹುಪಾಲನ್ನು ಎಚ್‌ಪಿ ಕಂಪೆನಿಗೆ 11 ಕೋಟಿ 60 ಲಕ್ಷ ಡಾಲರಿಗೆ ಕೊಡುವುದೆಂದು ಪ್ರಕಟವಾಯಿತು. ಅದೇ ತಿಂಗಳ 28ಕ್ಕೆ ಪಿನ್ನುಗಳೆಲ್ಲ ನಿಲ್ಲುತ್ತವೆ ಎಂದು ಕೊಂಡವರಿಗೆ ತಿಳಿಸಲಾಯಿತು. ನಡುವೆ ಹತ್ತು ದಿನ. ನಮ್ಮಲ್ಲಿ ಸೂತಕವೂ ಹತ್ತೇ ದಿನ. ಕೊನೆಯ 90 ದಿನಗಳಲ್ಲಿ ಪಿನ್ನು ತರಿಸಿಕೊಂಡವರಿಗೆ ಮಾತ್ರ ದುಡ್ಡು ವಾಪಸು, ಉಳಿದವರಿಗೆ ನಮಸ್ಕಾರ. ಆದರೂ ಯಂತ್ರ ಪೂರ್ತಿ ಮೂಕವಾಗುವುದಿಲ್ಲ, ಬ್ಯಾಟರಿ ಎಷ್ಟು ಉಳಿದಿದೆ ಎಂಬಂಥ ಕೆಲವನ್ನು ಆಮೇಲೂ ಹೇಳುತ್ತದೆ ಎಂದು ಸಮಾಧಾನ ಹೇಳಿದ್ದರು. ಹೆಣ ಎದ್ದು ಕೂತು ತನ್ನ ನಾಡಿ ಚೆನ್ನಾಗಿದೆ ಎಂದ ಹಾಗೆ!

ನಕ್ಕೆ, ನಿಜ. ಆದರೆ ನಗು ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಕೊಂಡವಳು ಹಣ ಪೂರ್ತಿ ಕೊಟ್ಟಿದ್ದಾಳೆ. ವಸ್ತು ಅವಳ ಸೆರಗಿನಲ್ಲೇ ಇದೆ. ಒಡೆದಿಲ್ಲ, ನೀರಿಗೆ ಬಿದ್ದಿಲ್ಲ. ಸಾವಿರಾರು ಮೈಲಿ ದೂರದಲ್ಲಿ ಯಾರೋ ತಮ್ಮ ಅಂಗಡಿಯ ಬಾಗಿಲು ಎಳೆದುಕೊಂಡರೆ ಇವಳ ಸೆರಗಿನ ವಸ್ತು ಸತ್ತುಹೋಗುತ್ತದೆ. ಹಾಗಾದರೆ ಅದು ಯಾವತ್ತಾದರೂ ಅವಳದಾಗಿತ್ತೇ?

ಮನೆಯ ವಿಷಯದಲ್ಲಿ ಬೆಂಗಳೂರಿನ ಹೆಂಗಸರಿಗೆ ಮೂರು ಮಾತು ಚೆನ್ನಾಗಿ ಗೊತ್ತು: ಬಾಡಿಗೆ, ಭೋಗ್ಯ, ಕ್ರಯ. ಬಾಡಿಗೆಯೆಂದರೆ ತಿಂಗಳ ತಿಂಗಳ ಕಟ್ಟುವುದು, ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಓನರಮ್ಮನ ಮುಖ ನೋಡುವುದು. ಭೋಗ್ಯವೆಂದರೆ ಒಂದಷ್ಟು ಲಕ್ಷ ಒಟ್ಟಿಗೆ ಕೊಟ್ಟು, ಕರಾರಿನಷ್ಟು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಕೊಟ್ಟ ದುಡ್ಡನ್ನು ಎಣಿಸಿ ವಾಪಸು ಪಡೆಯುವುದು. ಕ್ರಯವೆಂದರೆ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕೂತು, ಹೆಬ್ಬೆಟ್ಟು ಒತ್ತಿ, ಪತ್ರ ಕೈಗೆ ತೆಗೆದುಕೊಂಡು ಬರುವುದು. ಆಮೇಲೆ ಮೊಳೆ ಹೊಡೆದರೂ ನಮ್ಮ ಗೋಡೆ, ಕೆಡವಿದರೂ ನಮ್ಮ ಗೋಡೆ. ಈಗ ಹೇಳಿ, ಆ ಪಿನ್ನು ಈ ಮೂರರಲ್ಲಿ ಯಾವುದು? ಮೊದಲು ಎಣಿಸಿದ್ದು ಕ್ರಯದ ಹಣ. ತಿಂಗಳ ತಿಂಗಳ ಕಟ್ಟಿದ್ದು ಬಾಡಿಗೆ. ಕೊನೆಗೆ ಖಾಲಿ ಮಾಡಿಸಿದ್ದು ಭೋಗ್ಯದವರನ್ನು ಖಾಲಿ ಮಾಡಿಸಿದ ಹಾಗೆ, ಆದರೆ ಭೋಗ್ಯದ ದುಡ್ಡು ಮಾತ್ರ ವಾಪಸಿಲ್ಲ. ಇಂಥ ಕರಾರುಪತ್ರ ತಂದರೆ ನಮ್ಮ ಕಾಟನ್‌ಪೇಟೆ, ಚಿಕ್ಕಪೇಟೆಗಳ ಪಳಗಿದ ಮನೆ ಬ್ರೋಕರೂ ಒಂದು ಸಲ ಕನ್ನಡಕ ಒರೆಸಿಕೊಂಡಾನು.

ಹಳೆಯ ಕ್ರಯಪತ್ರವೊಂದನ್ನು ತೆಗೆದು ಓದಿ, ಭಾಷೆ ಎಷ್ಟು ಗಂಭೀರ! ಇನ್ನು ಈ ಸ್ವತ್ತಿನಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಉಳಿದಿಲ್ಲ, ನೀವು ಪುತ್ರಪೌತ್ರ ಪಾರಂಪರ್ಯವಾಗಿ ಸುಖವಾಗಿ ಅನುಭವಿಸಿಕೊಂಡು ಬನ್ನಿ ಎಂಬ ಧಾಟಿ. (ಪುತ್ರಿಯರ ಹೆಸರು ಎತ್ತದಿದ್ದದ್ದು ಬರೆದವನ ಕಾಲದ ಗುಣ.) ದಾನ ಕೊಡಿಸುವಾಗ ಪುರೋಹಿತರು ‘ನ ಮಮ’ ಎನ್ನಿಸುತ್ತಾರಲ್ಲ, ಇದು ಇನ್ನು ನನ್ನದಲ್ಲ ಎಂದು. ಮಾರುವುದೂ ಅದರ ತಂಗಿಯೇ, ಹಣ ತೆಗೆದುಕೊಂಡು ‘ನ ಮಮ’ ಎನ್ನುವುದು. ಹಸು ಮಾರಿದವನು ಮರುದಿನದಿಂದ ನಮ್ಮ ಕೊಟ್ಟಿಗೆಗೆ ಬಂದು ಹಗ್ಗ ಎಳೆದು ನೋಡುವುದಿಲ್ಲ, ಇವತ್ತು ಹಾಲು ಕರೆಯಬೇಡಿ ಎನ್ನುವುದಿಲ್ಲ. ಇವತ್ತಿನ ಯಂತ್ರಗಳನ್ನು ಮಾರುವವರು ಹಣವನ್ನೇನೋ ಪೂರ್ತಿ ಎಣಿಸಿಕೊಳ್ಳುತ್ತಾರೆ. ‘ನ ಮಮ’ ಎಂಬ ಮಾತು ಮಾತ್ರ ಅವರ ಬಾಯಿಂದ ಹೊರಡುವುದಿಲ್ಲ. ಹಗ್ಗದ ಒಂದು ತುದಿ ಅವರ ಕೈಯಲ್ಲೇ.

ಹಾಗೆ ಹಗ್ಗ ಬಿಟ್ಟುಕೊಟ್ಟ ವಸ್ತು ಎಂಥದ್ದು ಎಂದು ಕೇಳಿದರೆ ನನ್ನ ಎಡಗೈ ತೋರಿಸುತ್ತೇನೆ. ಅಲ್ಲಿರುವುದು ಎಚ್‌ಎಂಟಿ ವಾಚು, ಹೆಸರು ಸುಜಾತಾ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಅಪ್ಪ ಕೊಡಿಸಿದ್ದು. ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪೆನಿಯ ಜೊತೆ ಸೇರಿ ನಮ್ಮ ಬೆಂಗಳೂರಿನಲ್ಲಿ ವಾಚಿನ ಕಾರ್ಖಾನೆ ಶುರು ಮಾಡಿದ್ದು 1961ರಲ್ಲಿ. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದವರು ಜವಾಹರಲಾಲ್ ನೆಹರೂ. ಆಮೇಲೆ ಎಷ್ಟು ಮದುವೆಗಳಲ್ಲಿ ಅಳಿಯನ ಕೈಗೆ, ಎಷ್ಟು ನಿವೃತ್ತಿ ಸಮಾರಂಭಗಳಲ್ಲಿ ಗುಮಾಸ್ತರ ಕೈಗೆ ಈ ವಾಚು ಬಿತ್ತೋ! ಹೊಸದಾಗಿ ಬಂದ ಕ್ವಾರ್ಟ್ಜ್ ವಾಚುಗಳು ಕೀ ಕೊಡದೆಯೇ ಕರಾರುವಾಕ್ಕಾಗಿ ನಡೆದವು, ಜನ ಅತ್ತ ಹೋದರು. ಅದರಲ್ಲಿ ಮೋಸವೇನಿಲ್ಲ, ನನ್ನ ಸುಜಾತಾ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತಾಳೆ. (ಶಾಲೆಯ ಮೊದಲ ಗಂಟೆಗೆ ನಾನು ಎಂದೂ ತಡವಾಗಿ ಹೋಗದಿರುವುದರ ಗುಟ್ಟು ಇದೇ.) ನಷ್ಟದ ಮೇಲೆ ನಷ್ಟವಾಗಿ 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚುವ ತೀರ್ಮಾನ ಮಾಡಿತು.

ಕಂಪೆನಿ ಹೋಯಿತು. ನನ್ನ ವಾಚಿಗೆ ಆ ಸುದ್ದಿಯನ್ನು ಯಾರೂ ತಿಳಿಸಲಿಲ್ಲ. ಬೆಳಿಗ್ಗೆ ಕೀ ಕೊಟ್ಟರೆ ಮರುದಿನ ಬೆಳಗಿನವರೆಗೆ ತನ್ನ ಪಾಡಿಗೆ ತಾನು ನಡೆಯುತ್ತದೆ. ಒಳಗೆ ಒಂದು ಸುರುಳಿ ಸ್ಪ್ರಿಂಗು, ಅದು ಬಿಚ್ಚಿಕೊಳ್ಳುವಾಗ ತಿರುಗುವ ನಾಲ್ಕಾರು ಹಲ್ಲುಚಕ್ರಗಳು, ಅವು ಒಂದೇ ಉಸಿರಿಗೆ ಓಡಿಹೋಗದಂತೆ ಅತ್ತಿತ್ತ ತೂಗಾಡಿ ಹದ ಹಿಡಿಯುವ ಒಂದು ಗಾಲಿ, ಅಷ್ಟೇ. ಇದರಲ್ಲಿ ಯಾವುದಕ್ಕೂ ಜಾಲಹಳ್ಳಿಯ ಅಪ್ಪಣೆ ಬೇಕಿಲ್ಲ. ನಿಂತಾಗ ಒಯ್ಯುವುದು ನಮ್ಮ ಶಾಲೆಯ ಹಿಂದಿನ ಗಲ್ಲಿಯಲ್ಲಿ, ಗೋಡೆಗೆ ಅಂಟಿದ ಬೀರುವಿನಷ್ಟೇ ಅಗಲದ ಅಂಗಡಿಯ ಸಾಹೇಬರ ಬಳಿಗೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂಬದಿ ಮುಚ್ಚಳ ತೆಗೆಯುತ್ತಾರೆ. ಅವರ ಡ್ರಾಯರಿನಲ್ಲಿ ಸತ್ತ ವಾಚುಗಳ ರಾಶಿಯೇ ಇದೆ. ಅದರೊಳಗಿಂದ ಒಂದು ಗಾಲಿಯನ್ನು ಚಿಮಟದಲ್ಲಿ ಎತ್ತಿ ನನ್ನ ವಾಚಿಗೆ ಕೂರಿಸುತ್ತಾರೆ. “ಇದು ಇನ್ನೂ ನಿಮ್ಮ ಮೊಮ್ಮಗಳಿಗೆ ಬರತ್ತೆ ಮೇಡಂ” ಎನ್ನುತ್ತಾರೆ. ಅವರು ಹೇಳಿದ ಪದ ಗಮನಿಸಿ: ‘ಬರತ್ತೆ’. ಆಸ್ತಿ ಬಂದ ಹಾಗೆ.

ಈಗ ನಮ್ಮ ಮನೆಯ ಟೀವಿಯ ಕತೆ ಕೇಳಿ. ಕಂಪೆನಿಯ ಹೆಸರು ಬೇಡ, ಎಲ್ಲರ ಮನೆಯ ದೋಸೆಯೂ ತೂತೇ. ಕೊಂಡು ಏಳು ವರ್ಷವಾಗಿತ್ತು. ಪರದೆ ಸ್ವಚ್ಛ, ಧ್ವನಿ ಖಣಿಖಣಿ. ಒಂದು ಸಂಜೆ ಅತ್ತೆಯವರು ಹಳೆಯ ಸಿನಿಮಾ ಹಾಕಿಸಿಕೊಳ್ಳಲು ಕೂತರೆ, ಈ ಸೌಲಭ್ಯ ಇನ್ನು ಈ ಸಾಧನದಲ್ಲಿ ಇರುವುದಿಲ್ಲ ಎಂದು ಪರದೆಯ ಮೇಲೆ ಬರಹ ಮೂಡಿತು. ಫೋನು ಮಾಡಿದರೆ ಒಬ್ಬ ಹುಡುಗ ಬಹಳ ವಿನಯದಿಂದ, “ನಿಮ್ಮ ಮಾಡೆಲ್‌ಗೆ ವಯಸ್ಸಾಯ್ತು ಮೇಡಂ, ಹೊಸದು ತಗೊಂಡರೆ ಒಳ್ಳೇದು” ಎಂದ. ಪಕ್ಕದಲ್ಲೇ ಕೂತಿದ್ದ ಎಂಬತ್ತೆರಡರ ಅತ್ತೆ ಆ ಮಾತನ್ನು ಕೇಳಿಸಿಕೊಂಡರು. “ಏಳು ವರ್ಷಕ್ಕೆ ವಯಸ್ಸಾಯ್ತಂತೇನೇ? ಮತ್ತೆ ನನ್ನನ್ನ ಏನ್ಮಾಡ್ತೀರಿ?” ಎಂದರು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಕೊನೆಗೆ ಎಸ್.ಪಿ. ರಸ್ತೆಯ ಹುಡುಗನೊಬ್ಬ ಟೀವಿಯ ಬೆನ್ನಿಗೆ ಬೆರಳುದ್ದದ ಕಡ್ಡಿಯೊಂದನ್ನು ಚುಚ್ಚಿ ಸಿನಿಮಾ ಬರಿಸಿಕೊಟ್ಟ. ಆ ರಸ್ತೆಯ ಹುಡುಗರು ಇರುವವರೆಗೆ ಈ ಪೇಟೆಯಲ್ಲಿ ಯಾವ ಯಂತ್ರಕ್ಕೂ ಅಕಾಲಮೃತ್ಯುವಿನ ಭಯವಿಲ್ಲ ಎಂದು ನಾನು ತಿಳಿದಿದ್ದೇನೆ. ಆದರೆ ಅವರ ಕೈಯನ್ನೂ ಕಟ್ಟುವ ಉಪಾಯಗಳು ಬರುತ್ತಿವೆ. ಮುಚ್ಚಳವನ್ನು ಅಂಟು ಹಾಕಿ ಕೂರಿಸುತ್ತಾರೆ, ಎಲ್ಲೂ ಸಿಗದ ತಲೆಯ ಸ್ಕ್ರೂ ಹಾಕುತ್ತಾರೆ, ಈ ಚೀಟಿ ಹರಿದರೆ ವಾರಂಟಿ ಇಲ್ಲ ಎಂದು ಬರೆದು ಅಂಟಿಸುತ್ತಾರೆ.

ಆ ಚೀಟಿ ನೋಡಿದಾಗಲೆಲ್ಲ ನನಗೆ ನಮ್ಮ ತಂದೆಯ ಸೋದರತ್ತೆಯ ನೆನಪಾಗುತ್ತದೆ. ನಾವೆಲ್ಲ ಅವರನ್ನು ದೊಡ್ಡಜ್ಜಿ ಎನ್ನುತ್ತಿದ್ದೆವು. ಇಪ್ಪತ್ತರ ಹರೆಯದಲ್ಲೇ ಗಂಡ ಹೋದ. ಮಕ್ಕಳಿಲ್ಲ. ಗಂಡನ ಪಾಲಿನ ಒಂದು ಸಣ್ಣ ಮನೆ ಪೇಟೆಯ ಗಲ್ಲಿಯೊಂದರಲ್ಲಿ ಅವರ ಕೈಯಲ್ಲಿ ಉಳಿಯಿತು. ಕೈಯಲ್ಲಿ ಎಂದರೆ ಹೇಗೆ? ಆಗಿನ ಹಿಂದೂ ಕಾನೂನಿನಲ್ಲಿ ವಿಧವೆಗೆ ಗಂಡನಿಂದ ಬಂದ ಸ್ವತ್ತಿನ ಮೇಲೆ ಇದ್ದದ್ದು ಪರಿಮಿತ ಹಕ್ಕು. ಬದುಕಿರುವವರೆಗೆ ಅನುಭವಿಸಬಹುದು, ಮನಸ್ಸಿಗೆ ಬಂದಂತೆ ಮಾರುವ ಹಾಗಿಲ್ಲ, ತನಗೆ ಬೇಕಾದವರಿಗೆ ಬರೆಯುವ ಹಾಗಿಲ್ಲ. ಅವಳ ನಂತರ ಅದು ಗಂಡನ ಕಡೆಯ ವಾರಸುದಾರರಿಗೆ. ದೊಡ್ಡಜ್ಜಿಯ ಮಾತಿನಲ್ಲಿ ಹೇಳುವುದಾದರೆ, “ಗುಡಿಸೋದಕ್ಕೆ ನನ್ನ ಮನೆ, ಮಿಕ್ಕಿದ್ದಕ್ಕೆಲ್ಲ ಅವರ ಮನೆ.” ಆ ಮನೆಯ ನಡುಕೋಣೆಯಲ್ಲಿ ಕಿಟಕಿಯಿರಲಿಲ್ಲ. ಹಗಲು ಹೊತ್ತಿನಲ್ಲೂ ದೀಪ ಹಚ್ಚಿ ಅಕ್ಕಿ ಆರಿಸಬೇಕು. ಒಂದು ಕಿಟಕಿ ತೆಗೆಸುತ್ತೇನೆಂದರೆ ಮೈದುನನ ಮಕ್ಕಳು ಬಂದು, ಗೋಡೆ ಒಡೆಯಲು ನಿಮಗೇನು ಅಧಿಕಾರ ಎಂದು ಕೇಳಿ ಹೋಗುತ್ತಿದ್ದರಂತೆ.

ಇದು ಹೀಗೇ ಇರಬೇಕೆಂದು ಯಾವ ದೇವರೂ ಬರೆದಿರಲಿಲ್ಲ. ಸುಮಾರು ಒಂಬೈನೂರು ವರ್ಷಗಳ ಹಿಂದೆ ನಮ್ಮ ಕಲ್ಯಾಣದಲ್ಲಿ, ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಮಿತಾಕ್ಷರಾ ಬರೆದ ವಿಜ್ಞಾನೇಶ್ವರ ಸ್ತ್ರೀಧನದ ಅರ್ಥವನ್ನು ಬಲು ಉದಾರವಾಗಿ ಹಿಗ್ಗಿಸಿದ್ದ. ಹೆಣ್ಣಿಗೆ ವಾರಸಿನಿಂದ ಬಂದದ್ದೂ, ಅವಳು ಕೊಂಡದ್ದೂ ಅವಳ ಧನವೇ ಎಂದಿದ್ದ. ಬ್ರಿಟಿಷರ ಕಾಲದ ನ್ಯಾಯಾಲಯಗಳು ಅದನ್ನು ಮತ್ತೆ ಕಿರಿದು ಮಾಡಿದವು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿನ ಬಗ್ಗೆ ತನ್ನದೇ ಕಾಯ್ದೆ ಮಾಡಿ ಒಂದಷ್ಟು ಬಾಗಿಲು ತೆರೆಯಿತು. ಪೂರ್ತಿ ತೆರೆದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮು: ಹೆಣ್ಣಿನ ವಶದಲ್ಲಿರುವ ಸ್ವತ್ತಿಗೆ ಇನ್ನು ಅವಳು ಪೂರ್ಣ ಒಡತಿ, ಪರಿಮಿತ ಒಡತಿಯಲ್ಲ ಎಂದಿತು. ಪರಿಚಯದ ವಕೀಲರು ಮನೆಗೇ ಬಂದು ಇದನ್ನು ಓದಿ ಹೇಳಿದರಂತೆ. ದೊಡ್ಡಜ್ಜಿ ಮನೆ ಮಾರಲಿಲ್ಲ, ಯಾರಿಗೂ ಬರೆದುಕೊಡಲೂ ಇಲ್ಲ. ಮರುವಾರವೇ ಗಾರೆಯವನನ್ನು ಕರೆಸಿ ನಡುಕೋಣೆಗೆ ಕಿಟಕಿ ಇಡಿಸಿದರು. ನಾನು ಚಿಕ್ಕವಳಿದ್ದಾಗ ಆ ಕಿಟಕಿಯ ಕಟ್ಟೆಯ ಮೇಲೆ ಕೂತು ಮಗ್ಗಿ ಬಾಯಿಪಾಠ ಮಾಡಿದ್ದೇನೆ.

ನನ್ನದು ಎಂಬ ಮಾತಿಗೆ ನನಗೆ ಗೊತ್ತಿರುವ ಅರ್ಥ ಆ ಕಿಟಕಿ. ಬಿಚ್ಚಬಹುದು, ತಿದ್ದಬಹುದು, ತನಗೆ ಬೇಕಾದವರಿಗೆ ಕೊಡಬಹುದು. ನಮ್ಮ ಅಜ್ಜಿಯರು ಪರಿಮಿತ ಒಡತನದಿಂದ ಪೂರ್ಣ ಒಡತನಕ್ಕೆ ಬರಲು ಅಷ್ಟು ತಲೆಮಾರು ಹಿಡಿಯಿತು. ನಾವು ಒಂದು ಫೋನಿನ ಪರದೆಯ ಮೇಲೆ, ಓದಲಾರದಷ್ಟು ಉದ್ದದ ಷರತ್ತುಗಳ ಕೆಳಗೆ, ‘ಒಪ್ಪಿದೆ’ ಎಂದು ಬೆರಳಿಟ್ಟು ಮತ್ತೆ ಗುಡಿಸುವ ಹಕ್ಕಿಗೆ ಇಳಿಯುತ್ತಿದ್ದೇವೆ. ಈ ಸಲ ಗಂಡಸರೂ ನಮ್ಮ ಜೊತೆಗಿದ್ದಾರೆ ಎಂಬುದೊಂದೇ ಪ್ರಗತಿ.

ಇದನ್ನೆಲ್ಲ ಮಗಳ ಮುಂದೆ ಹೇಳಿದೆ. ಅವಳು ಕಂಪ್ಯೂಟರಿನ ಕೆಲಸದವಳು, ಸುಲಭವಾಗಿ ಬಿಡುವವಳಲ್ಲ. “ಅಮ್ಮ, ನಿನಗೆ ಬೇಕಾದ್ದು ವಸ್ತುವೋ, ಅದರಿಂದಾಗೋ ಕೆಲಸವೋ?” ಎಂದಳು. “ಹಿಂದೆ ಹಾಡು ಕೇಳೋಕೆ ಕ್ಯ���ಸೆಟ್ ಕೊಂಡ್ಕೋತಿದ್ದೆ. ಈಗ ತಿಂಗಳಿಗಿಷ್ಟು ಅಂತ ಕೊಟ್ಟು ಲೋಕದ ಹಾಡೆಲ್ಲ ಕೇಳ್ತೀಯ. ಕ್ಯಾಸೆಟ್ಟಿನ ಮೇಲೆ ಧೂಳು ಒರೆಸೋ ಹಕ್ಕು ಕಳ್ಕೊಂಡೆ ಅಂತ ಅಳ್ತೀಯಾ? ಅಲ್ಲದೆ ಕಂಪೆನಿ ಹಗ್ಗ ಬಿಟ್ಟೇಬಿಟ್ಟರೆ, ಫೋನಿಗೆ ಕಳ್ಳರು ನುಗ್ಗೋ ಸಂದುಗಳನ್ನ ಆಮೇಲೆ ಮುಚ್ಚೋರು ಯಾರು? ನಿನ್ನ ವಾಚಿಗೆ ಕಳ್ಳ ಒಳಗೆ ನುಗ್ಗಲ್ಲ, ಫೋನಿಗೆ ನುಗ್ತಾನೆ.”

ಮಾತಿನಲ್ಲಿ ಹುರುಳಿದೆ. ಎಲ್ಲವೂ ನಮ್ಮದೇ ಆಗಬೇಕೆಂದು ನಾನೂ ಹೇಳುವುದಿಲ್ಲ. ಲೈಬ್ರರಿಯ ಪುಸ್ತಕ ನಮ್ಮದಲ್ಲ, ಓದಿದ್ದೇನು ಕಡಿಮೆಯಾಯಿತೇ? ನಮ್ಮ ಕಾಲದ ಕಪ್ಪು ಟೆಲಿಫೋನು ಕೂಡ ನಮ್ಮದಾಗಿರಲಿಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐ ಕಾರ್ಖಾನೆಯಲ್ಲಿ ತಯಾರಾಗಿ, ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಮೇಲೆ ಮನೆಗೆ ಬಂದು, ಕ್ರೋಶಾ ಹೊದಿಕೆ ಹೊದ್ದು ಸ್ಟೂಲಿನ ಮೇಲೆ ದೇವರ ಹಾಗೆ ಕೂತಿರುತ್ತಿದ್ದ ಆ ಯಂತ್ರ ಇಲಾಖೆಯ ಸ್ವತ್ತು. ಅದು ನಮಗೂ ಗೊತ್ತಿತ್ತು, ಅವರೂ ಮುಚ್ಚಿಡಲಿಲ್ಲ. ಕೆಟ್ಟರೆ ಲೈನ್‌ಮನ್ ಬರಬೇಕು, ಬರುತ್ತಿದ್ದ. ಬಂದದ್ದು ಯಾವ ತಿಂಗಳು ಎಂದು ಮಾತ್ರ ಕೇಳಬೇಡಿ. ಆ ಕಾಲ ಸ್ವರ್ಗವಾಗಿತ್ತೆಂದು ನಾನು ಹೇಳಹೊರಟಿಲ್ಲ. ಬಾಡಿಗೆಯಾದರೆ ಬಾಡಿಗೆ ಎನ್ನಲಿ, ನಾವು ಬಾಡಿಗೆಯವರ ಲೆಕ್ಕದಲ್ಲೇ ದುಡ್ಡು ಕೊಡುತ್ತೇವೆ, ಸೋರಿದರೆ ಓನರ್ ಬಂದು ರಿಪೇರಿ ಮಾಡಿಸಲಿ. ಕ್ರಯವೆಂದು ಬೋರ್ಡು ಹಾಕಿ, ಕ್ರಯದ ಹಣ ಎಣಿಸಿಕೊಂಡು, ಕೈಗೆ ಬಾಡಿಗೆ ಚೀಟಿ ಕೊಡುವುದಿದೆಯಲ್ಲ, ಅದಕ್ಕೆ ನನ್ನ ತಕರಾರು. ಕಳ್ಳರಿಂದ ಕಾಯುವ ಮಾತಿಗೂ ಒಂದು ಉತ್ತರವಿದೆ. ಬೀಗ ಸರಿ ಮಾಡಲು ಬಂದವನು ಬೀಗ ಸರಿ ಮಾಡಿ ಹೋಗಲಿ, ಹೋಗುವಾಗ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಜಾಗ ಬದಲಿಸಿಟ್ಟು ಹೋಗುವುದೇಕೆ? ಅಪ್‌ಡೇಟ್ ಆದ ಮರುದಿನ ಫೋನಿನಲ್ಲಿ ಗಡಿಯಾರ ಎಲ್ಲಿದೆ ಎಂದು ಹುಡುಕಿದವರಿಗೆ ನನ್ನ ಮಾತು ಅರ್ಥವಾಗುತ್ತದೆ.

ಪಾಠ ಹೇಳುವವಳಾದ್ದರಿಂದ ನನಗೆ ಹೆಚ್ಚು ತಾಗಿದ್ದು ಪುಸ್ತಕದ ಕತೆ. 2009ರ ಜುಲೈಯಲ್ಲಿ ಅಮೆಜಾನಿನವರು, ತಾವು ಮಾರಿದ್ದ ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳ ಕೆಲವು ಪ್ರತಿಗಳನ್ನು ಜನರ ಕಿಂಡಲ್ ಯಂತ್ರದೊಳಗಿಂದ ರಾತ್ರೋರಾತ್ರಿ ಅಳಿಸಿಹಾಕಿದರು. ಪ್ರಕಟಿಸಿದವರಿಗೆ ಹಕ್ಕಿರಲಿಲ್ಲವೆಂದು ಕಾರಣ. ಅಳಿಸಿದ ಒಂದರ ಹೆಸರೇ ‘1984’. ಮನುಷ್ಯರ ಮೇಲೆ ಕಣ್ಣಿಟ್ಟು, ಬೇಡವಾದ ಬರಹವನ್ನು ಇಲ್ಲವಾಗಿಸುವ ಸರ್ಕಾರದ ಕತೆ ಅದು. ದುಡ್ಡು ಹಿಂದಿರುಗಿಸಿದರು, ಕಂಪೆನಿಯ ಮುಖ್ಯಸ್ಥರೇ ತಪ್ಪಾಯಿತೆಂದರು. ಆದರೆ ಒಬ್ಬ ಶಾಲಾ ಹುಡುಗ ಆ ಪುಸ್ತಕದಲ್ಲಿ ಹೋಂವರ್ಕಿಗೆಂದು ಟಿಪ್ಪಣಿ ಮಾಡಿಕೊಂಡಿದ್ದ, ಪುಸ್ತಕದ ಜೊತೆಗೆ ಅವು ನಿಷ್ಪ್ರಯೋಜಕವಾದವು. ಮೂವತ್ತು ವರ್ಷಗಳಲ್ಲಿ ಹೋಂವರ್ಕ್ ತಾರದ್ದಕ್ಕೆ ಮಕ್ಕಳು ಹೇಳಿದ ನೆಪಗಳನ್ನು ಎಷ್ಟೋ ಕೇಳಿದ್ದೇನೆ: ಹಸು ತಿಂದಿತು, ತಂಗಿ ಹರಿದಳು, ಬಸ್ಸಿನಲ್ಲಿ ಬಿಟ್ಟೆ. ಮಾರಿದ ಅಂಗಡಿಯವನೇ ಬಂದು ತೆಗೆದುಕೊಂಡು ಹೋದ ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಖಂಡಿತ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ನಮ್ಮ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಪುಸ್ತಕದಲ್ಲಿ ಹಿಂದಿನವರ ಹೆಸರು, ಅದಕ್ಕೂ ಹಿಂದಿನವರ ಹೆಸರು, ಅಡಿಗೆರೆ, ಒಣಗಿದ ಹೂವಿನ ಕಲೆ ಎಲ್ಲ ಇರುತ್ತದೆ. ಆ ಪುಸ್ತಕ ಕೈಯಿಂದ ಕೈಗೆ ಬಂದದ್ದಕ್ಕೆ ಅದೇ ಸಾಕ್ಷಿ. ಫೋನಿನಲ್ಲಿ ಕೊಂಡ ಪುಸ್ತಕವನ್ನು ಮಗಳಿಗೆ ಹಾಗೆ ದಾಟಿಸಲು ಬಾರದು. ಅದು ಮಾರಾಟವಲ್ಲ, ಓದಲು ಕೊಟ್ಟ ಅನುಮತಿ ಎಂದು ಷರತ್ತಿನಲ್ಲೇ ಇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೊಂದು ಕಾನೂನು ಮಾಡಿ 2025ರ ಜನವರಿಯಿಂದ ಜಾರಿಗೆ ತಂದಿದೆ. ಕೊಡುವುದು ಬರೀ ಅನುಮತಿಯಾದರೆ ಅದನ್ನು ಕೊಳ್ಳುವವರಿಗೆ ಸ್ಪಷ್ಟವಾಗಿ ಹೇಳಬೇಕು, ಹೇಳದೆ ‘ಕೊಳ್ಳಿ’ ಎಂಬ ಮಾತು ಬಳಸಬಾರದು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಫೋನು, ಮನೆಬಳಕೆಯ ಯಂತ್ರ, ವಾಹನ, ಬೇಸಾಯದ ಸಲಕರಣೆ, ಈ ನಾಲ್ಕನ್ನು ಮೊದಲು ಎತ್ತಿಕೊಂಡು, ಅದೇ ಡಿಸೆಂಬರಿನಲ್ಲಿ ಕಂಪೆನಿಗಳ ರಿಪೇರಿ ವಿವರಗಳನ್ನು ಒಂದೆಡೆ ಸೇರಿಸುವ ಏರ್ಪಾಡನ್ನೂ ಮಾಡಿತು. ನಮ್ಮ ಗಲ್ಲಿಯ ಸಾಹೇಬರಿಗೆ ಈ ವಿಷಯ ತಿಳಿಸಿದೆ. ಭೂತಗನ್ನಡಿ ತೆಗೆಯದೆಯೇ, “ಹಕ್ಕು ಕೊಟ್ಟರೆ ಸಾಲದು ಮೇಡಂ, ಸ್ಕ್ರೂನೂ ಕೊಡಬೇಕು” ಎಂದರು.

ಕಳೆದ ದೀಪಾವಳಿಗೆ ಮೊದಲು ಮಗಳು ಹೊಸ ಮನೆ ಹೂಡಿದಳು. ನಮ್ಮ ಕಡೆ ಮಗಳಿಗೆ ಕೊಡುವ ಪಾತ್ರೆಗೆ ಹೆಸರು ಹಾಕಿಸುವುದು ವಾಡಿಕೆ. ಪಾತ್ರೆ ಅಂಗಡಿಯಲ್ಲಿ ಗುಂಯ್ ಎನ್ನುವ ಪೆನ್ನಿನಂಥ ಯಂತ್ರ ಹಿಡಿದ ಹುಡುಗ ಕೂತಿರುತ್ತಾನೆ, ಹೆಸರು ಹೇಳಿದರೆ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದುಕೊಡುತ್ತಾನೆ. ಮನೆಯ ಖಾತೆ ಯಾರ ಹೆಸರಿನಲ್ಲೇ ಇರಲಿ, ಸೌಟು ಬೋಗುಣಿಗಳ ಖಾತೆ ನಮ್ಮ ಅಮ್ಮಂದಿರ ಹೆಸರಿನಲ್ಲಿತ್ತು. ನಮ್ಮಮ್ಮನ ಹೆಸರಿರುವ ಹಿತ್ತಾಳೆಯ ಕೊಳಗ ಈಗಲೂ ನನ್ನ ಅಡುಗೆಮನೆಯಲ್ಲಿದೆ, ಅದರಲ್ಲಿ ಅವರಮ್ಮನ ಹೆಸರೂ ಇದೆ. ಪಾತ್ರೆಗಳನ್ನೆಲ್ಲ ಮುಗಿಸಿಕೊಂಡು ಮಿಕ್ಸಿ ಕೊಳ್ಳಲೆಂದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋದೆವು. ಅಂಗಡಿಯ ಹುಡುಗ ಒಂದಾದ ಮೇಲೊಂದು ತೆಗೆದಿಟ್ಟು ವಾಟ್‌ಗಳ ಲೆಕ್ಕ ಒಪ್ಪಿಸಿದ. ಇಂಟರ್‌ನೆಟ್ ಇಲ್ಲದಿದ್ದರೂ ಇದು ತಿರುಗುತ್ತದೆಯೇ ಎಂದು ಕೇಳಿದೆ. ಮಗಳು ನನ್ನ ಕೈ ಚಿವುಟಿದಳು. ತಿರುಗುತ್ತದೆ ಎಂದ. ಕಾರ್ಬನ್ ಬ್ರಶ್ ಸವೆದರೆ ಹೊರಗೆ ಯಾರಾದರೂ ಹಾಕಿಕೊಡುತ್ತಾರೆಯೇ ಎಂದೆ. ಎದುರು ಅಂಗಡಿಯಲ್ಲೇ ಹಾಕುತ್ತಾರೆ ಎಂದ. ಸರಿ, ಮಗಳ ಹೆಸರು ಹಾಕಿಸಿಕೊಡುತ್ತೀರಾ ಎಂದು ಕೇಳಿದೆ.

ಹುಡುಗ ಒಂದು ಕ್ಷಣ ಯೋಚಿಸಿದ. “ಮೋಟಾರಿನ ಮೇಲೆ ಬೇಡ ಮೇಡಂ, ವಾರಂಟಿ ಹೋಗತ್ತೆ. ಬೇಕಾದರೆ ಜಾರ್ ಮೇಲೆ ಹಾಕಿಸ್ಕೊಳ್ಳಿ. ಜಾರ್ ನಿಮ್ಮದು.”

ಜಾರಿನ ಮೇಲೆ ಹಾಕಿಸಿದೆವು.